ಐಷಾರಾಮಿ ಕಾರಿನ ಬೆಲೆ ತೆರುವವರು ಯಾರು?

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿಯ ಹೊಸ ದರಗಳು ಜಾರಿಗೆ ಬಂದ ಬಳಿಕ ಕಾರು ಮಾರಾಟ ಮಳಿಗೆಗಳ ಜಾಹೀರಾತುಗಳ ಭಾಷೆಯೇ ಬದಲಾಯಿತು. ಅದುವರೆಗೆ ದೊಡ್ಡ ಎಂಜಿನಿನ ಪೆಟ್ರೋಲ್ ಸೆಡಾನ್‌ಗಳ ಮೇಲೆ ಶೇ. 28ರ ಜಿಎಸ್‌ಟಿ ಹಾಗೂ ಶೇ. 20ರ ಸೆಸ್ ಸೇರಿ ಒಟ್ಟು ಶೇ. 48ರಷ್ಟು ತೆರಿಗೆಯಿತ್ತು. ಸೆಸ್ ರದ್ದಾಗಿ ಅದು ಶೇ. 40ಕ್ಕೆ ಇಳಿಯಿತು. ಐವತ್ತು ಲಕ್ಷದ ಆಸುಪಾಸಿನ ಕಾರೊಂದಕ್ಕೆ ಇದರಿಂದ ಎರಡೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಉಳಿತಾಯ. 'ಇನ್ನು ತಡಮಾಡಬೇಡಿ' ಎಂಬ ಕರೆ ಮಹಾನಗರಗಳಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ನಮ್ಮ ಪಟ್ಟಣಗಳ ವ್ಯಾಪಾರಿಗಳ, ಗುತ್ತಿಗೆದಾರರ ಹಾಗೂ ಗಲ್ಫ್‌ನಿಂದ ಮರಳಿದವರ ಮೊಬೈಲ್‌ಗಳಿಗೂ ಅದು ತಲುಪಿತು. ಐಷಾರಾಮಿ ಸೆಡಾನ್ ಕೊಳ್ಳುವುದು ಸರಿಯೋ ತಪ್ಪೋ ಎಂಬ ಚರ್ಚೆ ಮಸೀದಿಯ ಅಂಗಳದಲ್ಲೂ ಮದುವೆ ಮಂಟಪದಲ್ಲೂ ಮತ್ತೆ ಕೇಳಿಬರುತ್ತಿದೆ.

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳಿರುತ್ತವೆ. ಒಂದು ಪಕ್ಷಕ್ಕೆ ದುಬಾರಿ ಕಾರು ಕಂಡೊಡನೆ ದುಂದುವೆಚ್ಚದ ನೆನಪಾಗುತ್ತದೆ. ಇನ್ನೊಂದು ಪಕ್ಷ 'ದುಡಿದವನು ಅನುಭವಿಸುತ್ತಾನೆ, ನಿಮಗೇಕೆ ಹೊಟ್ಟೆಯುರಿ?' ಎನ್ನುತ್ತದೆ. ಎರಡೂ ಅರ್ಧ ಸತ್ಯಗಳು. ಸಂಪತ್ತು ಸ್ವತಃ ದೋಷವಲ್ಲ. ಪ್ರವಾದಿವರ್ಯರ(ಸ) ಸಂಗಾತಿಗಳಲ್ಲಿ ಉಸ್ಮಾನ್(ರ), ಅಬ್ದುರ್ರಹ್ಮಾನ್ ಬಿನ್ ಔಫ್‌(ರ)ರಂತಹ ಆಗರ್ಭ ಶ್ರೀಮಂತರಿದ್ದರು. ಆದರೆ 'ದುಡಿದವನು' ಎಂಬ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಯೋ ಅಷ್ಟು ಸಲೀಸಾಗಿ ಲೆಕ್ಕ ಪುಸ್ತಕ ತೆರೆದು ನೋಡುವುದಿಲ್ಲ. ಕಾರಿನ ಹಣ ಯಾರದು ಎಂಬ ಪ್ರಶ್ನೆಗೆ ಉತ್ತರ ಸಿಗದೆ ಅದು ದುಂದೋ ಅಲ್ಲವೋ ಎಂದು ತೀರ್ಮಾನಿಸುವುದು ಸಾಧ್ಯವಿಲ್ಲ.

ಮೊದಲು ಕಾರಿನ ನೈಜ ಬೆಲೆಯನ್ನೇ ತೆಗೆದುಕೊಳ್ಳೋಣ. ಶೋರೂಂನಲ್ಲಿ ಐವತ್ತು ಲಕ್ಷ ಎಂದು ಬರೆದಿರುವ ಸೆಡಾನ್ ಒಂದರಲ್ಲಿ ಸುಮಾರು 14 ಲಕ್ಷದ 29 ಸಾವಿರ ರೂಪಾಯಿ ಜಿಎಸ್‌ಟಿಯೇ ಇದೆ. ಅದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ. ಇಪ್ಪತ್ತು ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ನಮ್ಮ ರಾಜ್ಯದಲ್ಲಿ ಇದು ಶೇ. 18, ಆ ತೆರಿಗೆಯ ಮೇಲೆ ಮತ್ತೆ ಶೇ. 11ರ ಸೆಸ್. ಎರಡೂ ಸೇರಿದರೆ ಹತ್ತು ಲಕ್ಷಕ್ಕೆ ಒಂದು ಸಾವಿರ ಕಡಿಮೆ. ಅಂದರೆ ವಿಮೆಯ ಲೆಕ್ಕ ಹಿಡಿಯದೆಯೇ ಕಾರು ಅರವತ್ತು ಲಕ್ಷವಾಯಿತು. ಅದರಲ್ಲಿ 24 ಲಕ್ಷಕ್ಕೂ ಮೀರಿದ ಮೊತ್ತ ಸರಕಾರದ ಬೊಕ್ಕಸಕ್ಕೆ. ಹತ್ತು ಲಕ್ಷ ಮೀರಿದ ವಾಹನಗಳಿಗೆ ಮಾರಾಟಗಾರ ವಸೂಲು ಮಾಡುವ ಶೇ. 1ರ ಮೂಲ ತೆರಿಗೆಯೂ ಇದೆ. ಆದಾಯ ತೆರಿಗೆ ವಿವರ ಸಲ್ಲಿಸುವವರಿಗೆ ಅದು ಲೆಕ್ಕಕ್ಕೆ ಜಮೆಯಾಗುತ್ತದೆ ಎಂಬುದರಿಂದ ಅದನ್ನು ಬಿಟ್ಟುಬಿಡೋಣ.

ಇಷ್ಟು ತೆರಿಗೆಯ ಭಾರ ಕಂಡು ಕೆಲವರು ಅನ್ಯ ಮಾರ್ಗ ಹಿಡಿಯುವುದುಂಟು. ಪುದುಚೇರಿಯಂತಹ ಕಡಿಮೆ ತೆರಿಗೆಯ ಪ್ರದೇಶದಲ್ಲಿ ವಿಳಾಸವೊಂದನ್ನು ಹೊಂದಿಸಿಕೊಂಡು ಅಲ್ಲಿ ನೋಂದಾಯಿಸಿ, ಇಲ್ಲಿ ವರ್ಷಗಟ್ಟಲೆ ಓಡಿಸುವುದು ಆ ಮಾರ್ಗ. ಒಂದು ರಾಜ್ಯದಲ್ಲಿ ನೋಂದಾಯಿಸಿದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂಬುದು ಮೋಟಾರು ವಾಹನ ಕಾಯಿದೆಯ ನಿಯಮ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯ ಅಧಿಕಾರಿಗಳು ಒಂದೇ ಕಾರ್ಯಾಚರಣೆಯಲ್ಲಿ ತೆರಿಗೆ ಪಾವತಿಸದ 30 ಐಷಾರಾಮಿ ಕಾರುಗಳನ್ನು ವಶಪಡಿಸಿಕೊಂಡಿದ್ದರು. ಅರ್ಧ ಕೋಟಿಯ ಕಾರು ಕೊಳ್ಳಬಲ್ಲವನಿಗೆ ರಸ್ತೆಯ ತೆರಿಗೆ ಮಾತ್ರ ಹೊರೆಯಾಗಿ ಕಾಣುವುದು ವಿಪರ್ಯಾಸ. ಕಿರಾಣಿ ಅಂಗಡಿಯಲ್ಲಿ ಸಾಬೂನು ಕೊಳ್ಳುವ ಬಡವನಿಗೆ ಪುದುಚೇರಿಯ ವಿಳಾಸವಿರುವುದಿಲ್ಲವಷ್ಟೆ!

ತೆರಿಗೆ ಕಟ್ಟಿದ ಮೇಲೂ ಖರ್ಚು ನಿಲ್ಲುವುದಿಲ್ಲ. ಅದು ಕಣ್ಣಿಗೆ ಕಾಣದ ರೂಪ ತಾಳುತ್ತದೆ, ಅಷ್ಟೇ ವ್ಯತ್ಯಾಸ. ವಾಹನ ವಿಮೆಯಲ್ಲಿ ಕಾರಿನ ಮೌಲ್ಯವನ್ನು ನಿಗದಿಪಡಿಸಲು ಸವಕಳಿಯ ಕೋಷ್ಟಕವೊಂದಿದೆ. ಅದರ ಪ್ರಕಾರ ಕಾರಿಗೆ ಆರು ತಿಂಗಳು ದಾಟಿದೊಡನೆ ಶೇ. 15, ಒಂದು ವರ್ಷ ದಾಟಿದರೆ ಶೇ. 20, ಎರಡು ದಾಟಿದರೆ ಶೇ. 30, ಮೂರು ದಾಟಿದರೆ ಶೇ. 40, ನಾಲ್ಕು ದಾಟಿದರೆ ಶೇ. 50ರಷ್ಟು ಮೌಲ್ಯ ಕಡಿತವಾಗುತ್ತದೆ. ಮಾರುಕಟ್ಟೆಯ ಬೆಲೆ ಇದಕ್ಕಿಂತ ತುಸು ಹೆಚ್ಚಿರಬಹುದು, ಕಡಿಮೆಯೂ ಇರಬಹುದು. ಈ ಕೋಷ್ಟಕವನ್ನೇ ನಂಬಿದರೂ ಅರವತ್ತು ಲಕ್ಷ ತೆತ್ತು ತಂದ ಕಾರಿಗೆ ಐದನೆಯ ವರ್ಷದಲ್ಲಿ 25 ಲಕ್ಷದ ಬೆಲೆ. ಉಳಿದ 35 ಲಕ್ಷ ಐದು ವರ್ಷಗಳಲ್ಲಿ ಆವಿಯಾಯಿತು. ದಿನಕ್ಕೆ 1,900 ರೂಪಾಯಿಗೂ ಹೆಚ್ಚು. ಕಾರು ಗ್ಯಾರೇಜಿನಲ್ಲಿ ನಿಂತಿದ್ದರೂ, ಮಾಲಕ ನಿದ್ರಿಸುತ್ತಿದ್ದರೂ ಈ ಮೊತ್ತ ಸೋರುತ್ತಲೇ ಇರುತ್ತದೆ. ಅದೇ ಅಂಗಡಿಯ ಕೆಲಸದ ಹುಡುಗನ ದಿನಗೂಲಿ ಎಷ್ಟು ಎಂಬುದನ್ನು ಓದುಗರು ಪಕ್ಕದಲ್ಲೇ ಬರೆದುಕೊಳ್ಳಬಹುದು.

ಕರಾವಳಿ ಮತ್ತು ಮಲೆನಾಡಿನ ಓದುಗರಿಗೆ ಇನ್ನೊಂದು ಮಾತು. ನೆಲಕ್ಕೆ ಹತ್ತಿರವಾಗಿ ಕೂರುವ ಸೆಡಾನ್‌ಗಳಿಗೆ ಮಳೆಗಾಲ ಮಿತ್ರನಲ್ಲ. ನೀರು ನಿಂತ ರಸ್ತೆಯಲ್ಲಿ ಎಂಜಿನಿನೊಳಗೆ ನೀರು ಹೊಕ್ಕು ಕೆಟ್ಟರೆ ಸಾಮಾನ್ಯ ವಿಮಾ ಪಾಲಿಸಿ ಆ ನಷ್ಟವನ್ನು ತುಂಬುವುದಿಲ್ಲ. ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಬೇಕು. ಐಷಾರಾಮಿ ಕಂಪೆನಿಗಳ ಸರ್ವಿಸ್ ಕೇಂದ್ರಗಳು ನಮ್ಮ ಹೆಚ್ಚಿನ ಜಿಲ್ಲಾ ಕೇಂದ್ರಗಳಲ್ಲಿಲ್ಲ. ಸಣ್ಣ ಬಿಡಿಭಾಗವೊಂದಕ್ಕಾಗಿ ಘಟ್ಟ ಹತ್ತುವುದೋ ಇಳಿಯುವುದೋ ಮಾಡಬೇಕಾಗುತ್ತದೆ.

ಹಾಗೆಂದು ಇಂಥ ಕಾರಿನ ಪರವಾಗಿ ಹೇಳಬಹುದಾದ್ದು ಏನೂ ಇಲ್ಲವೆಂದಲ್ಲ. ವಾರಕ್ಕೆರಡು ಬಾರಿ ಬೆಂಗಳೂರಿಗೆ ಹೋಗಿಬರಬೇಕಾದ ವ್ಯಾಪಾರಿಗೆ, ಬೆನ್ನುನೋವಿನ ವೃದ್ಧ ತಾಯಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾದ ಮಗನಿಗೆ ಒಳ್ಳೆಯ ಆಸನ, ಅಲುಗಾಡದ ಪಯಣ ಕೇವಲ ಶೋಕಿಯಲ್ಲ. ಬಿಡದಿಯಲ್ಲಿ ಜೋಡಿಸಲಾಗುವ ಟೊಯೊಟಾ ಕ್ಯಾಮ್ರಿಯಂತಹ ಹೈಬ್ರಿಡ್ ಕಾರುಗಳು ದೊಡ್ಡ ಗಾತ್ರದಲ್ಲೂ ಇಂಧನ ಉಳಿಸುತ್ತವೆ ಎಂಬುದೂ ನಿಜ. 'ಜರ್ಮನಿಯ ಕಾರು' ಎಂದು ನಾವು ಬೀಗುವ ಬಹುತೇಕ ಕಾರುಗಳೂ ಪುಣೆಯ ಬಳಿಯ ಚಾಕಣದಲ್ಲೋ ಚೆನ್ನೈಯಲ್ಲೋ ನಮ್ಮವರ ಕೈಯಿಂದಲೇ ಜೋಡಣೆಯಾಗಿ ಬರುತ್ತವೆ. ಅದರಿಂದ ಒಂದಷ್ಟು ಮನೆಗಳ ಒಲೆ ಉರಿಯುತ್ತದೆ.

ಸುರಕ್ಷತೆಯ ವಾದ ಇವೆಲ್ಲಕ್ಕಿಂತ ಗಂಭೀರವಾದುದು. 'ಪ್ರಾಣಕ್ಕಿಂತ ಹಣ ದೊಡ್ಡದೇ?' ಎಂದು ಕೇಳಿದರೆ ಯಾರೂ ಮರುಮಾತನಾಡಲಾರರು. ಆದರೆ ಈ ವಾದಕ್ಕೆ ಹತ್ತು ವರ್ಷಗಳ ಹಿಂದೆ ಇದ್ದ ಬಲ ಈಗಿಲ್ಲ. 2024ರ ನವೆಂಬರ್‌ನಲ್ಲಿ ಮಾರುತಿಯ ಹೊಸ ಡಿಸೈರ್, ಅಂದರೆ ಬಾಡಿಗೆ ಚಾಲಕರೂ ಕೊಳ್ಳುವ ಸಾಮಾನ್ಯ ಸೆಡಾನ್, ಗ್ಲೋಬಲ್ ಎನ್‌ಕ್ಯಾಪ್‌ನ ಅಪಘಾತ ಪರೀಕ್ಷೆಯಲ್ಲಿ ವಯಸ್ಕರ ಸುರಕ್ಷತೆಗಾಗಿ ಐದು ನಕ್ಷತ್ರಗಳನ್ನು ಗಳಿಸಿತು. 2023ರ ಅಕ್ಟೋಬರ್‌ನಿಂದ ಭಾರತದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಆರಂಭವಾಗಿದೆ. ಮತ್ತೊಂದೆಡೆ, 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಟಾಟಾ ಸಮೂಹದ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಪ್ರಯಾಣಿಸುತ್ತಿದ್ದುದು ಮರ್ಸಿಡಿಸ್ ಕಾರಿನಲ್ಲಿ. ಹಿಂದಿನ ಆಸನದಲ್ಲಿದ್ದ ಅವರು ಸೀಟ್ ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ನಮ್ಮ ಕುಟುಂಬಗಳಲ್ಲಿ ಹಿಂದಿನ ಆಸನದಲ್ಲಿ ಬೆಲ್ಟ್ ಧರಿಸುವವರು ಎಷ್ಟು ಮಂದಿ? ಮಗುವನ್ನು ಮಡಿಲಲ್ಲಿರಿಸಿಕೊಂಡು ಮುಂದಿನ ಆಸನದಲ್ಲಿ ಕುಳಿತುಕೊಳ್ಳುವ ಅಭ್ಯಾಸವನ್ನು ಬಿಡದವರಿಗೆ ಸುರಕ್ಷತೆಯ ಹೆಸರಿನಲ್ಲಿ ಅರವತ್ತು ಲಕ್ಷ ಖರ್ಚು ಮಾಡುವ ನೈತಿಕತೆಯಿದೆಯೇ?

ಇನ್ನು ಆಡಿಟರ್ ಕಚೇರಿಯಲ್ಲಿ ಹುಟ್ಟುವ ವಾದ. 'ಸಂಸ್ಥೆಯ ಹೆಸರಿನಲ್ಲಿ ಕೊಳ್ಳಿ, ತೆರಿಗೆ ಉಳಿಯುತ್ತದೆ' ಎಂಬ ಸಲಹೆಯನ್ನು ನಂಬಿ ಕಾರು ಬುಕ್ ಮಾಡಿದವರು ಬಹಳಷ್ಟಿದ್ದಾರೆ. ಸ್ವಂತ ಬಳಕೆಯ ಇಂಥ ಕಾರಿನ ಮೇಲೆ ತೆತ್ತ ಜಿಎಸ್‌ಟಿಯನ್ನು ವ್ಯಾಪಾರಿ ಮರಳಿ ಪಡೆಯುವಂತಿಲ್ಲ. ಆದಾಯ ತೆರಿಗೆಯಲ್ಲಿ ಸಿಗುವುದು ವರ್ಷಕ್ಕೆ ಶೇ. 15ರ ಸವಕಳಿ ಮಾತ್ರ. ಅರವತ್ತು ಲಕ್ಷಕ್ಕೆ ಮೊದಲ ವರ್ಷ ಒಂಬತ್ತು ಲಕ್ಷದ ಕಡಿತ ದೊರೆತರೆ, ಶೇ. 30ರ ತೆರಿಗೆ ಕಟ್ಟುವವನಿಗೆ ಉಳಿಯುವುದು ಸುಮಾರು 2 ಲಕ್ಷದ 70 ಸಾವಿರ. ಮುಂದಿನ ವರ್ಷಗಳಲ್ಲಿ ಅದು ಇಳಿಯುತ್ತಾ ಹೋಗುತ್ತದೆ. ಕಾರನ್ನು ಮನೆಯ ಕೆಲಸಕ್ಕೂ ಬಳಸಿದರೆ ಆ ಪಾಲಿಗೆ ಈ ಸೌಲಭ್ಯವೂ ಇಲ್ಲ. ಎರಡೂಮುಕ್ಕಾಲು ಲಕ್ಷ ಉಳಿಸಲು ಅರವತ್ತು ಲಕ್ಷ ತೆಗೆಯುವುದನ್ನು ಉಳಿತಾಯವೆಂದು ಕರೆಯುವ ಲೆಕ್ಕಶಾಸ್ತ್ರ ನಮಗಂತೂ ಅರ್ಥವಾಗದು.

ಸಾಲದ ವಿಷಯಕ್ಕೆ ಬಂದರೆ, ಹದಿನೈದು ಲಕ್ಷವನ್ನು ಕೈಯಿಂದ ಹಾಕಿ ಉಳಿದ 45 ಲಕ್ಷವನ್ನು ಶೇ. 9ರ ಬಡ್ಡಿಗೆ ಏಳು ವರ್ಷಗಳ ಅವಧಿಗೆ ಪಡೆದರೆ ತಿಂಗಳ ಕಂತು 72 ಸಾವಿರ ದಾಟುತ್ತದೆ; ಬಡ್ಡಿಯೊಂದೇ ಹದಿನೈದೂಮುಕ್ಕಾಲು ಲಕ್ಷ. ಬಡ್ಡಿಯ ಕುರಿತು ಈ ಓದುಗರಿಗೆ ನಾವು ಪಾಠ ಹೇಳಬೇಕಾಗಿಲ್ಲ. ಆದರೆ ಒಂದು ವೈರುಧ್ಯವನ್ನು ಹೇಳದಿರಲಾಗದು. ಮಗಳಿಗೆ ವೈದ್ಯಕೀಯ ಸೀಟು ಸಿಕ್ಕಿದಾಗ 'ಶಿಕ್ಷಣ ಸಾಲ ಬಡ್ಡಿಯದ್ದು, ನಮಗೆ ಬೇಡ' ಎಂದು ಧರ್ಮನಿಷ್ಠೆ ಮೆರೆದು ಆಕೆಯನ್ನು ಊರಿನ ಪದವಿ ಕಾಲೇಜಿಗೆ ಸೇರಿಸುವ ತಂದೆ, ಕಾರಿನ ಸಾಲಪತ್ರದ ಪುಟಗಳಿಗೆ ಒಂದೊಂದಾಗಿ ಸಹಿ ಹಾಕುವಾಗ ಅದೇ ನಿಷ್ಠೆಯನ್ನು ಎಲ್ಲಿಟ್ಟಿರುತ್ತಾನೆ? ನಿಷಿದ್ಧವೆಂಬುದು ಮಗಳ ಓದಿಗೊಂದು, ಮಗನ ಕಾರಿಗೊಂದು ಎಂದು ಎರಡು ಬಗೆಯದಾಗಿರಲು ಸಾಧ್ಯವಿಲ್ಲವಷ್ಟೆ.

ಸಾಲವಿಲ್ಲದೆ ನಗದಾಗಿಯೇ ಕೊಳ್ಳುತ್ತೇವೆ ಎನ್ನುವವರಿಗೂ ಯೋಚಿಸಲು ಒಂದು ವಿಷಯವಿದೆ. ಅರವತ್ತು ಲಕ್ಷ ರೂಪಾಯಿ ವರ್ಷವಿಡೀ ಕೈಯಲ್ಲೋ ಬ್ಯಾಂಕಿನಲ್ಲೋ ಇದ್ದರೆ ಅದರ ಮೇಲೆ ಶೇ. ಎರಡೂವರೆಯಂತೆ ಒಂದೂವರೆ ಲಕ್ಷ ಝಕಾತ್ ಕಡ್ಡಾಯ. ಅದೇ ಹಣ ಸ್ವಂತ ಬಳಕೆಯ ಕಾರಾಗಿ ಮಾರ್ಪಟ್ಟೊಡನೆ ಅದಕ್ಕೆ ಝಕಾತ್ ಇಲ್ಲ. ಇದು ಕರ್ಮಶಾಸ್ತ್ರದ ನಿಯಮ. ಅದರಲ್ಲಿ ಕುಂದು ಹುಡುಕುವುದು ನಮ್ಮ ಉದ್ದೇಶವಲ್ಲ. ಆದರೆ ಆ ಊರಿನಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ಪಡೆಯುತ್ತಿದ್ದ ಕೆಲವು ಮನೆಗಳಿದ್ದವು, ಒಬ್ಬ ವಿಧವೆಯ ಬಾಡಿಗೆ, ಇಬ್ಬರು ಮಕ್ಕಳ ಶಾಲಾ ಶುಲ್ಕ ಅದರಿಂದ ನಡೆಯುತ್ತಿತ್ತು ಎಂದಾದರೆ, ಕಾರು ಬಂದ ವರ್ಷ ಅವರಿಗೇನಾಯಿತು ಎಂದು ವಿಚಾರಿಸಲು ನಿಯಮವೇನೂ ಅಡ್ಡಬರುವುದಿಲ್ಲ.

ಇವೆಲ್ಲವನ್ನೂ ಮೀರಿದ ಪ್ರಶ್ನೆಯೊಂದಿದೆ. ಅದನ್ನು ನಮ್ಮ ಜಮಾಅತ್‌ಗಳಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದವರು 'ಮನೆ ಒಡೆಯುವವರು' ಎಂಬ ಬಿರುದು ಪಡೆಯುತ್ತಾರೆ.

ನಮ್ಮ ಪಟ್ಟಣಗಳ ಸ್ಥಿತಿವಂತ ಕುಟುಂಬಗಳನ್ನು ಗಮನಿಸಿ. ತಂದೆ ಕಟ್ಟಿದ ಅಂಗಡಿ, ತಂದೆ ಕೊಂಡ ಕಟ್ಟಡ, ಅದರ ಬಾಡಿಗೆ. ತಂದೆ ತೀರಿಹೋಗಿ ಹತ್ತೋ ಹದಿನೈದೋ ವರ್ಷಗಳಾಗಿರುತ್ತವೆ. ಮೀರಾಸ್ ವಿಂಗಡಣೆಯಾಗಿರುವುದಿಲ್ಲ. ವ್ಯವಹಾರ ಗಂಡುಮಕ್ಕಳ ಕೈಯಲ್ಲಿ. ಸಹೋದರಿಯರಿಗೆ 'ಮದುವೆಯಲ್ಲಿ ಕೊಟ್ಟಾಗಿದೆ' ಎಂಬ ಸಿದ್ಧ ಉತ್ತರ. ಮದುವೆಯಲ್ಲಿ ಕೊಟ್ಟದ್ದು ವಾರಸಿನ ಪಾಲಿಗೆ ಜಮೆಯಾಗುತ್ತದೆಂದು ಯಾವ ಗ್ರಂಥದಲ್ಲೂ ಇಲ್ಲ. ತಂದೆ ಕಣ್ಣುಮುಚ್ಚಿದ ಕ್ಷಣದಲ್ಲೇ ಪ್ರತಿಯೊಬ್ಬ ವಾರಸುದಾರನ ಪಾಲು ನಿಶ್ಚಿತವಾಗುತ್ತದೆ ಎಂಬುದು ಮುಸ್ಲಿಮ್ ವಾರಸು ಕಾನೂನಿನ ಮೊದಲ ಪಾಠ. ಆದರೂ ಅದನ್ನು ಬಲ್ಲವರೇ ಮೌನವಾಗಿರುತ್ತಾರೆ.

ಒಂದು ಕುಟುಂಬದ ಉದಾಹರಣೆ ತೆಗೆದುಕೊಳ್ಳಿ. ತಂದೆ ಬಿಟ್ಟು ಹೋದದ್ದು ಪತ್ನಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳನ್ನು. ಸಾಲ, ವಸಿಯ್ಯತ್ ಇತ್ಯಾದಿ ತೀರಿದ ಮೇಲೆ ಉಳಿದ ಸೊತ್ತನ್ನು 48 ಭಾಗ ಮಾಡಿದರೆ ತಾಯಿಗೆ ಎಂಟನೇ ಒಂದರಂತೆ 6, ಪ್ರತಿ ಮಗನಿಗೆ 14, ಪ್ರತಿ ಮಗಳಿಗೆ 7. ಅಂದರೆ 48ರಲ್ಲಿ 20 ಭಾಗ ಮೂವರು ಮಹಿಳೆಯರದು. ಈ ಅವಿಭಜಿತ ಸೊತ್ತಿನ ಬಾಡಿಗೆ ಮತ್ತು ಆದಾಯದಿಂದ ಹಿರಿಯ ಮಗ ಅರವತ್ತು ಲಕ್ಷದ ಕಾರು ತಂದನೆಂದಾದರೆ ಅದರಲ್ಲಿ 25 ಲಕ್ಷ ಆತನ ತಾಯಿ ಮತ್ತು ಸಹೋದರಿಯರದು. ತಮ್ಮನದು ಮತ್ತೆ ಹದಿನೇಳೂವರೆ ಲಕ್ಷ. ಕಾರಿನ ಮಾಲಕನೆನಿಸಿಕೊಂಡವನ ಪಾಲು ಉಳಿದ ಹದಿನೇಳೂವರೆ ಲಕ್ಷ ಮಾತ್ರ. ಅಂಗಡಿಯಲ್ಲಿ ಬೆವರು ಸುರಿಸಿದವನು ಆತನೇ ಎಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ದುಡಿಮೆಗೆ ಸಂಬಳ ನಿಗದಿಪಡಿಸಿ ಮೊದಲೇ ತೆಗೆದಿಡಲಿ, ಬೇಕಾದರೆ ಧಾರಾಳವಾಗಿಯೇ ತೆಗೆದಿಡಲಿ. ಆದರೆ ಸಂಬಳವನ್ನೂ ಎಂದೂ ನಿಗದಿಪಡಿಸದೆ, ಲಾಭವನ್ನೂ ಎಂದೂ ಹಂಚದೆ, ಇಡೀ ಗಲ್ಲಾಪೆಟ್ಟಿಗೆಯನ್ನು ತನ್ನ ಜೇಬೆಂದು ಭಾವಿಸುವುದಕ್ಕೆ 'ದುಡಿದವನು ಅನುಭವಿಸುತ್ತಾನೆ' ಎಂಬ ಹೆಸರು ಸಲ್ಲದು.

ಈ ಸಹೋದರಿಯರಲ್ಲಿ ಒಬ್ಬಾಕೆ ಬಾಡಿಗೆ ಮನೆಯಲ್ಲಿರುತ್ತಾಳೆ. ಪತಿಯ ಗಲ್ಫ್ ಕೆಲಸ ಹೋಗಿರುತ್ತದೆ. ಮಕ್ಕಳ ಶುಲ್ಕಕ್ಕಾಗಿ ಆಕೆ ಅಣ್ಣನ ಮುಂದೆ ನಿಂತಾಗ ಆತ ಹತ್ತೋ ಇಪ್ಪತ್ತೋ ಸಾವಿರ ಕೊಡುತ್ತಾನೆ; ಕೊಟ್ಟದ್ದನ್ನು ಊರೆಲ್ಲ ಹೊಗಳುತ್ತದೆ. ರಮಝಾನಿನಲ್ಲಿ ಆತ ಅದನ್ನು ಝಕಾತ್‌ನ ಲೆಕ್ಕಕ್ಕೆ ಬರೆದುಕೊಳ್ಳುವುದೂ ಇದೆ! ಆಕೆಯದೇ ಹಣದಲ್ಲಿ ಒಂದು ಚೂರನ್ನು ಆಕೆಗೆ ದಾನವಾಗಿ ಕೊಟ್ಟು ಪುಣ್ಯ ಗಳಿಸುವ ಈ ವ್ಯವಸ್ಥೆಗೆ ನಮ್ಮ ಸಮುದಾಯ ಇಟ್ಟಿರುವ ಹೆಸರು ಕುಟುಂಬ ಪ್ರೇಮ. ಸಹೋದರಿ ಬಾಯಿ ತೆರೆಯುವುದಿಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಭಯ ಆಕೆಗೆ. ಪಾಲು ಕೇಳಿದವಳು ತಾಯಿ ಸತ್ತ ಮೇಲೆ ಎಲ್ಲಿಗೆ ಬರಬೇಕು?

ಕಾರು ಮತ್ತು ಹೆಣ್ಣಿನ ಹಕ್ಕಿನ ನಡುವಿನ ಈ ನಂಟು ಮದುವೆಯ ವೇಳೆ ಇನ್ನೂ ಒರಟಾಗಿ ಕಾಣಿಸಿಕೊಳ್ಳುತ್ತದೆ. 2021ರ ಜೂನ್‌ನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಆಯುರ್ವೇದ ಓದುತ್ತಿದ್ದ ಯುವತಿಯೊಬ್ಬಳು ಗಂಡನ ಮನೆಯಲ್ಲಿ ಸಾವಿಗೀಡಾದಳು. ಮದುವೆಯಲ್ಲಿ ಕೊಟ್ಟ ಸೆಡಾನ್ ಕಾರು ಗಂಡನಿಗೆ ಹಿಡಿಸಿರಲಿಲ್ಲ ಎಂಬುದು ಕಿರುಕುಳದ ಮೂಲಗಳಲ್ಲೊಂದಾಗಿತ್ತು. 2022ರ ಮೇ ತಿಂಗಳಲ್ಲಿ ವಿಚಾರಣಾ ನ್ಯಾಯಾಲಯ ಆತನಿಗೆ ಹತ್ತು ವರ್ಷಗಳ ಶಿಕ್ಷೆ ವಿಧಿಸಿತು. ಅವರು ನಮ್ಮ ಸಮುದಾಯದವರಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು, ನಮ್ಮ ನಿಕಾಹ್‌ಗಳಲ್ಲಿ 'ನಾವೇನೂ ಕೇಳಿಲ್ಲ, ಅವರೇ ಪ್ರೀತಿಯಿಂದ ಕೊಟ್ಟರು' ಎಂಬ ವಿವರಣೆಯೊಂದಿಗೆ ಮಂಟಪದ ಮುಂದೆ ರಿಬ್ಬನ್ ಕಟ್ಟಿಸಿಕೊಂಡು ನಿಲ್ಲುವ ಕಾರುಗಳನ್ನು ಎಣಿಸಿ ನೋಡಲಿ. ಅಣ್ಣ ಕೊಂಡ ಐಷಾರಾಮಿ ಕಾರು ಆತನ ಮನೆಯ ಅಂತಸ್ತನ್ನು ಸಾರುತ್ತದೆ. ಮರುವರ್ಷ ತಂಗಿಯನ್ನು ನೋಡಲು ಬರುವ ಗಂಡಿನ ಕಡೆಯವರು ಆ ಅಂತಸ್ತಿಗೆ ತಕ್ಕಂತೆ ನಿರೀಕ್ಷಿಸುತ್ತಾರೆ. ಅದರ ಹೊರೆ ಬೀಳುವುದು ಆಕೆಯ ಮೇಲೆ.

ಹಾಗಾದರೆ ಕೊಳ್ಳಲೇಬಾರದೇ? ಹಾಗೆ ನಾವು ಹೇಳಲಾರೆವು. ಪಾಲು ವಿಂಗಡಣೆಯಾಗಿ, ತಾಯಿಯ ಹಾಗೂ ಸಹೋದರಿಯರ ಹೆಸರಿಗೆ ಖಾತೆಯಾಗಿ, ಅಂಗಡಿಯ ನೌಕರರ ಸಂಬಳ ಬಾಕಿಯಿಲ್ಲದೆ, ಸಾಲವಿಲ್ಲದೆ ಉಳಿದ ಸ್ವಂತ ಹಣದಿಂದ ಒಬ್ಬಾತ ಅರವತ್ತು ಲಕ್ಷ ಖರ್ಚು ಮಾಡುತ್ತಾನಾದರೆ ಅದು ಆತನಿಗೂ ಅಲ್ಲಾಹನಿಗೂ ಬಿಟ್ಟ ವಿಷಯ. ಮೂರು ವರ್ಷ ಓಡಿದ ಅಂಥದೇ ಕಾರನ್ನು ಕೊಂಡರೆ ಮೊದಲ ಮಾಲಕ ಜೀವಾವಧಿ ತೆರಿಗೆಯನ್ನೂ ಸವಕಳಿಯ ದೊಡ್ಡ ಪಾಲನ್ನೂ ಹೊತ್ತಿರುತ್ತಾನೆ. ತಾಯಿಯ ಬೆನ್ನುನೋವಿಗೆ ಆ ಆಸನವೂ ಅಷ್ಟೇ ಹಿತ. ಇದನ್ನು ಹೇಳಿದರೆ 'ಹಳೆಯ ಕಾರು ತಂದನೆಂದು ಜನ ಆಡಿಕೊಳ್ಳುತ್ತಾರೆ' ಎನ್ನುತ್ತಾರೆ. ಆಗ ಕಾರು ಬೇಕಾಗಿರುವುದು ತಾಯಿಯ ಬೆನ್ನಿಗಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಜಮಾಅತ್ ಸಮಿತಿಗಳ ಪಾತ್ರವೂ ಇಲ್ಲಿದೆ. ಕಾರಿನಿಂದಿಳಿದವನಿಗೆ ಮೊದಲ ಸಾಲಿನಲ್ಲಿ ಜಾಗ ಬಿಡಿಸುವ, ಮದ್ರಸದ ವಾರ್ಷಿಕೋತ್ಸವಕ್ಕೆ ಆತನನ್ನೇ ಅತಿಥಿಯಾಗಿ ಕರೆಯುವ ಸಮಿತಿಗಳು ಒಂದು ಸಣ್ಣ ಕೆಲಸ ಮಾಡಬಹುದು. ಊರಿನಲ್ಲಿ ಮರಣ ಸಂಭವಿಸಿದ ಮನೆಯಲ್ಲಿ ಮೂರು ತಿಂಗಳೊಳಗೆ ವಾರಸುದಾರರ ಪಟ್ಟಿ ಮತ್ತು ಪಾಲಿನ ಲೆಕ್ಕವನ್ನು ಬರೆದು, ಎಲ್ಲರಿಗೂ, ಹೆಣ್ಣುಮಕ್ಕಳ ಕೈಗೂ, ಒಂದೊಂದು ಪ್ರತಿ ತಲುಪಿಸುವುದು ಆ ಕೆಲಸ. ಮರಣದ ದಾಖಲೆ ಬರೆಯುವ ಪುಸ್ತಕ ಹೇಗೂ ಮಸೀದಿಯಲ್ಲಿದೆ. ಇನ್ನೊಂದು ಪುಟ ಸೇರಿಸಿದರೆ ಸಾಕು.

ಏಕೆಂದರೆ ಈಗ ನಡೆಯುತ್ತಿರುವುದು ಬೇರೆ. ತಂದೆಯ ಕಟ್ಟಡವನ್ನು ಮಾರಲೋ ಅಡವಿಡಲೋ ಹೊರಟಾಗ ಬ್ಯಾಂಕಿನ ವಕೀಲರು ಎಲ್ಲ ವಾರಸುದಾರರ ಸಹಿ ಕೇಳುತ್ತಾರೆ. ಹದಿನೈದು ವರ್ಷಗಳಿಂದ ಲೆಕ್ಕಕ್ಕೇ ಇಲ್ಲದಿದ್ದ ಸಹೋದರಿಯರು ಆಗ ನೆನಪಾಗುತ್ತಾರೆ. ಹಿಂದಿನ ರಾತ್ರಿ ಫೋನು ಬರುತ್ತದೆ. ಬೆಳಿಗ್ಗೆ ಅಣ್ಣನ ಹೊಸ ಕಾರು ಬಾಡಿಗೆ ಮನೆಯ ಓಣಿಗೆ ಬರಲಾಗದೆ ಮುಖ್ಯ ರಸ್ತೆಯಲ್ಲೇ ನಿಲ್ಲುತ್ತದೆ. ತಂಗಿ ಬುರ್ಖಾ ಧರಿಸಿ, ಆಧಾರ್ ಕಾರ್ಡ್ ಹಿಡಿದು ಅಲ್ಲಿಯವರೆಗೆ ನಡೆದು ಬರುತ್ತಾಳೆ. ತಂಪು ಗಾಳಿಯ ಆ ಕಾರಿನಲ್ಲೇ ಆಕೆಯನ್ನು ಉಪನೋಂದಣಿ ಕಚೇರಿಗೆ ಕರೆದೊಯ್ದು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಮಧ್ಯಾಹ್ನದ ಬಿರಿಯಾನಿ ಉಣಿಸಿ, ಮತ್ತೆ ಅದೇ ರಸ್ತೆಯ ಬದಿಯಲ್ಲಿ ಇಳಿಸಿ ಬರಲಾಗುತ್ತದೆ.